ಹಾಡು ಯಾರದು ಅಂತ ಕೇಳಿದಾಗ ಸುಮ್ಮನಾದ ಗಾಯಕಿ

ಜಾಹೀರಾತು, ರೀಲ್ಸ್, ಕ್ಲಬ್ ಅಂತ ಹಾಡಿಕೊಂಡು ಬದುಕುವ ಹುಡುಗ ಹುಡುಗಿಯರು ಆಪ್ತಸಲಹೆಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಹೆಚ್ಚಿನವರ ಮೊದಲ ಮಾತು ಒಂದೇ: "ನನಗೆ ಕಾನ್ಫಿಡೆನ್ಸ್ ಇಲ್ಲ ಮೇಡಂ." ಸ್ವಲ್ಪ ಕೆದಕಿದರೆ ಒಳಗೆ ಸಿಗುವುದು ಬೇರೆಯೇ. ದುಡ್ಡು ಬಂದಿರುವುದಿಲ್ಲ, ಹೆಸರು ಹಾಕಿರುವುದಿಲ್ಲ, ಒಂದು ಕಾಗದ ಪತ್ರವೂ ಇರುವುದಿಲ್ಲ. ಇಂಥವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಮಲೆನಾಡಿನ ಕಡೆಯವಳು. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಬಂದವಳು. ಹಗಲು ಆಫೀಸು, ರಾತ್ರಿ ಹಾಡು. ಕಾಲೇಜಿನ ಗೆಳೆಯನೊಬ್ಬ ಡಿಜೆ. ಅವನೇ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಮಾಡುತ್ತಾನೆ. ಬೀಟ್ ಮತ್ತು ನಾಲ್ಕು ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಳಿಸಿದರೆ ಸಾಕು, ಅದರ ಮೇಲೆ ಆಕೆ ಧಾಟಿ ಕಟ್ಟಿ, ಸಾಹಿತ್ಯ ಬರೆದು, ಹಾಡಿ ಕಳಿಸುತ್ತಾಳೆ. ಈ ಕೆಲಸಕ್ಕೆ ಅವರ ಕಡೆ ಟಾಪ್‌ಲೈನ್ ಅನ್ನುತ್ತಾರಂತೆ. ಇಂಥ ಒಂದು ಹಾಡು ಚೆನ್ನಾಗಿ ಓಡಿತು. ಆಕೆಗೆ ಸಿಕ್ಕಿದ್ದು 10,000 ರೂಪಾಯಿ, ಫೋನ್‌ಪೇನಲ್ಲಿ. ಆ್ಯಪ್‌ಗಳಲ್ಲಿ ಕಾಣುವುದು ಗೆಳೆಯನ ಹೆಸರು ಒಂದೇ.

ನನ್ನ ಹತ್ತಿರ ತಂದ ದೂರು ಇದಲ್ಲ. ಮೈಕ್ ಮುಂದೆ ನಿಂತರೆ ಗಂಟಲು ಬಿಗಿಯುತ್ತದೆ, ಮೇಲಿನ ಸ್ವರಕ್ಕೆ ಹೋಗುವ ಮೊದಲೇ ದನಿ ಒಡೆಯುತ್ತದೆ ಅಂದಳು. ಕಿವಿ ಮೂಗು ಗಂಟಲು ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು. ಕೆಲಸ ಬಿಟ್ಟು ಪೂರ್ತಿ ಹಾಡಿಗೆ ಇಳಿಯಲಾ, ಇಲ್ಲ ಹಾಡೇ ಬಿಟ್ಟುಬಿಡಲಾ, ಅದನ್ನು ತೀರ್ಮಾನ ಮಾಡಿಕೊಡಿ ಎಂದು ಬಂದಿದ್ದಳು. ಮೊದಮೊದಲು ನಾವು ಮಾತಾಡಿದ್ದು ಸ್ಪರ್ಧೆ, ಅಪ್ಪನ ನಿರೀಕ್ಷೆ, ಮದುವೆಯ ಒತ್ತಡ ಇಂಥವನ್ನೇ. ಅವೂ ಇದ್ದವು. ಆದರೆ ಅವು ಎಲ್ಲರ ಮನೆಯಲ್ಲೂ ಇರುವಂಥವು.

ಒಂದು ದಿನ ಬಂದವಳೇ ನಗುತ್ತಾ ಹೇಳಿದಳು:

"ಶನಿವಾರ ಫ್ರೆಂಡ್ಸ್ ಜೊತೆ ಕೋರಮಂಗಲದಲ್ಲಿ ಒಂದು ಕಡೆ ಹೋಗಿದ್ದೆ ಮೇಡಂ. ನಮ್ಮ ಹಾಡು ಹಾಕಿದ್ರು. ಎಲ್ಲಾರೂ ಕುಣೀತಿದ್ರು, ನಾನೂ ಕುಣಿದೆ. ಪಕ್ಕದಲ್ಲಿದ್ದ ಹುಡುಗಿ, ವಾಯ್ಸ್ ಸಖತ್ತಾಗಿದೆ ಅಲ್ವಾ, ಯಾವುದೋ ಸ್ಯಾಂಪಲ್ ಪ್ಯಾಕ್‌ದಿರ್ಬೇಕು ಅಂದ್ಲು."

"ನೀವೇನಂದ್ರಿ?"

"ಇರಬಹುದು ಅಂದೆ."

ಸ್ಯಾಂಪಲ್ ಪ್ಯಾಕ್ ಅಂದರೆ ಏನು ಅಂತ ಆಕೆಯೇ ನನಗೆ ವಿವರಿಸಿದಳು. ಯಾರೋ ಹಾಡಿಟ್ಟ ತುಣುಕುಗಳನ್ನು ಒಟ್ಟು ಮಾಡಿ ಮಾರುತ್ತಾರೆ. ಕೊಂಡವರು ತಮ್ಮ ಹಾಡಿನಲ್ಲಿ ಸೇರಿಸಿಕೊಳ್ಳಬಹುದು. ಹಾಡಿದವರು ಯಾರು ಅಂತ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಆಕೆ ಇನ್ನೂ ನಗುತ್ತಿದ್ದಳು. ನಾನು ನಗಲಿಲ್ಲ. "ನಂದೇ ವಾಯ್ಸು ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಯಾರು ನಂಬ್ತಾರೆ? ಫೋನ್ ತೆಗೆದು ನೋಡಿದ್ರೆ ಅಲ್ಲಿ ನನ್ನ ಹೆಸರೇ ಇಲ್ಲ. ಸುಮ್ನೆ ಬಿಲ್ಡಪ್ ಕೊಡ್ತಿದಾಳೆ ಅಂದ್ಕೊಳ್ಳೋರು."

ಈ ಮಾತು ಕೇಳಿದ ಮೇಲೆ ನಮ್ಮ ದಾರಿಯೇ ಬದಲಾಯಿತು. ತನ್ನನ್ನು ತಾನು ಕಡಿಮೆ ಅಂದುಕೊಳ್ಳುವವರು ಇಲ್ಲದ್ದನ್ನು ಕಲ್ಪಿಸಿಕೊಂಡು ಕುಗ್ಗುತ್ತಾರೆ. ಆಕೆ ಏನನ್ನೂ ಕಲ್ಪಿಸಿಕೊಂಡಿರಲಿಲ್ಲ. ಆಕೆಯ ಲೆಕ್ಕ ಸರಿಯಾಗಿಯೇ ಇತ್ತು. ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಇದಕ್ಕೆ ಕಾನ್ಫಿಡೆನ್ಸ್ ಇಲ್ಲ ಅಂತ ಹೆಸರಿಟ್ಟು ನಾನು ತಿದ್ದಲು ಕೂತರೆ, ಆಗಿರುವ ತಪ್ಪನ್ನೆಲ್ಲ ಆಕೆಯ ತಲೆಯ ಮೇಲೇ ಹೊರಿಸಿದಂತಾಗುತ್ತದೆ.

"ಆ ಹಾಡು ಕಟ್ಟಿದ ರಾತ್ರಿ ಏನಾದರೂ ರೆಕಾರ್ಡ್ ಮಾಡಿಕೊಂಡಿದ್ರಾ?" ಎಂದೆ.

ಫೋನಿನಲ್ಲಿ ಇತ್ತು. ತಾರೀಕು, ಸಮಯ ಎಲ್ಲ ಸಮೇತ. ಹಾಕಿ ಕೇಳಿಸಿದಳು. ಮೊದಲು ಬರೀ ಗುನುಗು, ಮಾತಿಲ್ಲ. ನಡುವೆ ಕುಕ್ಕರ್ ಕೂಗುತ್ತದೆ, "ಅಯ್ಯೋ" ಅಂತ ಆಕೆಯ ದನಿ, ಮತ್ತೆ ಗುನುಗು. ಎರಡನೇ ರೆಕಾರ್ಡಿನಲ್ಲಿ ಸಾಲುಗಳು ಬಂದಿವೆ. "ಇಲ್ಲಿ ನೋಡಿ, ಮೊದಲು ಕೆಳಗೆ ಇಳಿಸಿದ್ದೆ. ಆಮೇಲೆ ಡ್ರಾಪ್‌ಗೆ, ಅಂದ್ರೆ ಬೇಸ್ ಬಂದು ಬೀಳೋದಕ್ಕೆ, ಮುಂಚೆ ಮೇಲೆ ಹೋಗ್ಲಿ ಅಂತ ಬದಲಾಯಿಸಿದೆ" ಎಂದು ಹೇಳುತ್ತಾ, ಆ ಸಾಲನ್ನು ನನ್ನೆದುರು ಹಾಡಿಯೇ ತೋರಿಸಿದಳು. ದನಿ ಒಡೆಯಲಿಲ್ಲ. ಅದನ್ನು ಗಮನಿಸಿ ಅಂತ ನಾನು ಹೇಳಬೇಕಾಗಿ ಬಂತು. ಆಕೆ ಗಮನಿಸಿರಲೇ ಇಲ್ಲ.

ಕ್ಲಬ್ಬಿನಲ್ಲಿ ಕುಣಿಸುವ ಈ ಸಂಗೀತದ ಒಂದು ಗುಣ ನನಗೆ ಆಕೆಯಿಂದಲೇ ತಿಳಿಯಿತು. ದನಿ ಏರುತ್ತಾ ಏರುತ್ತಾ ಜನರನ್ನು ಒಂದು ತುದಿಗೆ ತಂದು ನಿಲ್ಲಿಸುತ್ತದೆ. ಬೇಸ್ ಬಂದು ಬೀಳುತ್ತಿದ್ದಂತೆ ದನಿ ಮಾಯವಾಗುತ್ತದೆ, ಜನ ಕುಣಿಯುತ್ತಾರೆ. ದನಿಯನ್ನು ಕತ್ತರಿಸುತ್ತಾರೆ, ಚಿಟಿಕೆಯಷ್ಟು ತುಂಡನ್ನು ಸುತ್ತಿ ಸುತ್ತಿ ಹಾಕುತ್ತಾರೆ, ಪಿಚ್ ಏರಿಸಿ ಗುರುತೇ ಸಿಗದ ಹಾಗೆ ಮಾಡುತ್ತಾರೆ. ಆರ್ಕೆಸ್ಟ್ರಾದಲ್ಲಿ ಗಾಯಕಿ ಬಾರದಿದ್ದರೆ ಕಾರ್ಯಕ್ರಮ ಕೆಡುತ್ತದೆ. ಇಲ್ಲಿ ಗಾಯಕಿ ಮನೆಯಲ್ಲಿ ಮಲಗಿದ್ದರೂ ಹಾಡು ನಡೆಯುತ್ತದೆ. ದುಡ್ಡು ಬರುವುದು ರಾತ್ರಿ ಕನ್ಸೋಲ್ ಹಿಂದೆ ನಿಂತ ಡಿಜೆಗಳಿಗೆ.

ಇದು ಕೋರಮಂಗಲದಲ್ಲಿ ಹುಟ್ಟಿದ ಕಥೆಯಲ್ಲ. ಆಕೆಗೆ ನಾನು ಮಾರ್ಥಾ ವಾಶ್ ಅವರ ವಿಷಯ ಹೇಳಿದೆ. ಅಮೆರಿಕದ ಈ ಗಾಯಕಿ 1990ರ ಸುಮಾರಿಗೆ ಬ್ಲ್ಯಾಕ್ ಬಾಕ್ಸ್, ಸಿ ಆ್ಯಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ಎರಡು ತಂಡಗಳಿಗೆ ಹಾಡಿದರು. ಜಗತ್ತೇ ಆ ಹಾಡುಗಳಿಗೆ ಕುಣಿಯಿತು. ವಿಡಿಯೋದಲ್ಲಿ ಬಾಯಿ ಆಡಿಸಿದವರು ಬೇರೆ ಹೆಂಗಸರು. ವಾಶ್ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಹಾಡಿದವರ ಹೆಸರು ಹಾಕುವ ವಿಷಯದಲ್ಲಿ ಅಲ್ಲಿನ ಕಂಪನಿಗಳು ಆಮೇಲೆ ಎಚ್ಚರವಾದವು. ಲೊಲೀಟಾ ಹಾಲೊವೇ ಎಂಬ ಇನ್ನೊಬ್ಬರಿದ್ದರು. ಅವರು 1980ರಲ್ಲಿ ಹಾಡಿದ ಹಾಡಿನ ತುಣುಕುಗಳನ್ನು ಅವರ ಒಪ್ಪಿಗೆ ಕೇಳದೆಯೇ ತೆಗೆದು ಬೇರೆಯವರು 1989ರಲ್ಲಿ ಹೊಸ ಹಾಡು ಮಾಡಿದರು. ಅದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ನಮ್ಮಲ್ಲೇನು ಕಡಿಮೆ? 1949ರ 'ಮಹಲ್' ಚಿತ್ರದ ಗ್ರಾಮಫೋನ್ ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಕಾಮಿನಿ ಎಂದಿತ್ತು. ಕಾಮಿನಿ ಅನ್ನುವುದು ಚಿತ್ರದ ಪಾತ್ರ. ಹಾಡಿದ್ದು ಲತಾ ಮಂಗೇಶ್ಕರ್.

"ಲತಾ ಅವರಿಗೇನಾ?" ಅಂದಳು. ಆ ದಿನ ಆಕೆ ನೆಟ್ಟಗೆ ಕೂತು ಮಾತಾಡಿದ್ದು ಆಮೇಲೆಯೇ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ಎಂಬುದು. ನಾನು ಹಾಡುಗಾರ್ತಿ ಹೌದಾ ಅಲ್ಲವಾ ಎಂಬುದು ಒಂದು. ಈ ಹಾಡಿನಲ್ಲಿ ನನ್ನ ಪಾಲೆಷ್ಟು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗದೇ ಇದ್ದುದರಿಂದ ಆಕೆ ಮೊದಲನೆಯದಕ್ಕೂ ಇಲ್ಲ ಎಂದು ಉತ್ತರ ಕೊಟ್ಟುಕೊಂಡಿದ್ದಳು. ಎರಡನೆಯದನ್ನು ನನ್ನ ಕೋಣೆಯಲ್ಲಿ ಬಗೆಹರಿಸಲು ಆಗುವುದಿಲ್ಲ, ವಕೀಲರ ಹತ್ತಿರ ಹೋಗಿ ಅಂದೆ.

ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಿದರು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರು ತಾವೇ ದಾರಿ ಕಂಡುಕೊಳ್ಳಬೇಕು ಎಂಬುದು ಅವರ ವಾದ. ಪುಸ್ತಕದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕಾನೂನು ಒಂದಿದೆ ಎಂಬುದೇ ಗೊತ್ತಿಲ್ಲದವರು ಅದನ್ನು ಒಳಗಿನಿಂದ ಹೇಗೆ ಕಂಡುಕೊಳ್ಳುತ್ತಾರೆ? ಸೂರು ಸೋರುತ್ತಿರುವ ಮನೆಯವರಿಗೆ ಕೊಡೆ ಹಿಡಿದು ಮಲಗುವುದನ್ನು ಕಲಿಸುವ ಸಲಹೆ ನನಗೆ ಬೇಡ. ನಾನು ವಕೀಲಿಕೆ ಮಾಡಲಿಲ್ಲ. ವಕೀಲರಿದ್ದಾರೆ ಎಂದು ಹೇಳಿದೆ, ಅಷ್ಟೇ.

ವಕೀಲರಿಂದ ಆಕೆ ತಿಳಿದುಕೊಂಡು ಬಂದಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ನಮ್ಮ ದೇಶದಲ್ಲಿ ಹಾಡು ಬರೆದ ಕ್ಷಣದಿಂದಲೇ ಹಕ್ಕು ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಆ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ದುಡ್ಡು ಪಡೆದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಬರೆದುಕೊಟ್ಟಾಗಲೂ ಎಷ್ಟು ವರ್ಷ ಅಂತ ನಮೂದಿಸದಿದ್ದರೆ 5 ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ, ಸಾಹಿತ್ಯ ಮತ್ತು ಸಂಗೀತ ಬರೆದವರು ಹಕ್ಕು ಬಿಟ್ಟುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬರೆದುಕೊಡಲು ಆಗುವುದಿಲ್ಲ. ಹಾಡಿದವರಿಗೆ, ಇದು ಇಂಥವರು ಹಾಡಿದ್ದು ಎಂದು ಗುರುತಿಸಿಕೊಳ್ಳುವ ಹಕ್ಕು ಪ್ರತ್ಯೇಕವಾಗಿ ಇದೆ. ಬರೆಯುವವರ ರಾಯಲ್ಟಿ ನೋಡಿಕೊಳ್ಳಲು 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಘ ಇದೆ. ಗಾಯಕರಿಗೆ 2013ರಲ್ಲಿ ಇಸ್ರಾ ಎಂಬ ಸಂಘ ಬಂತು, ಈಗ ಅದರ ಹೆಸರು ಇಸಾಮ್ರಾ. ಆಕೆ ಬರೆಯುವವಳೂ ಹೌದು, ಹಾಡುವವಳೂ ಹೌದು. ಎರಡು ಬಾಗಿಲು ಇದ್ದವು, ಒಂದನ್ನೂ ತಟ್ಟಿರಲಿಲ್ಲ.

ಗೆಳೆಯನನ್ನು ಖಳನಾಯಕ ಮಾಡುವುದು ನನಗೆ ಇಷ್ಟವಿಲ್ಲ. ಮಿಕ್ಸಿಂಗ್ ಅಂತ ಅವನೂ ರಾತ್ರಿ ನಿದ್ದೆ ಕೆಟ್ಟಿದ್ದಾನೆ. ಸ್ಟ್ರೀಮಿಂಗ್‌ನಿಂದ ಅವನಿಗೂ ಬರುವುದು ಪುಡಿಗಾಸು. "ನಮ್ಮ ನಮ್ಮಲ್ಲಿ ಪೇಪರ್ ಯಾಕೆ ಮಗಾ" ಎಂದು ಅವನು ಅಂದಿದ್ದು ಮೋಸ ಮಾಡಲು ಅಂತ ನನಗೆ ಅನ್ನಿಸಲಿಲ್ಲ. ಕೇಳಿದರೆ ಗೆಳೆತನ ಕೆಡುತ್ತದೆ ಎಂಬುದೇ ಆಕೆಯ ದೊಡ್ಡ ಭಯ. ಕೇಳದೇ ಇದ್ದಿದ್ದಕ್ಕೆ ಆಗಲೇ ಕೆಟ್ಟಿದೆಯಲ್ಲ ಎಂದೆ. ಅವನ ಹಾಡು ಕೇಳಿದರೆ ಕಾರಿನಲ್ಲಿ ಸ್ಟೇಷನ್ ಬದಲಾಯಿಸುವ ಮಟ್ಟಕ್ಕೆ ಬಂದಿದ್ದಳು.

ಅವನಿಗೆ ಕಳಿಸುವ ಮೆಸೇಜನ್ನು ಇಬ್ಬರೂ ಕೂತು ಬರೆದೆವು. ಆಕೆಯ ಮೊದಲ ಸಾಲು: "ಸಾರಿ ಮಗಾ, ಬೇಜಾರಾಗ್ಬೇಡ." ಸಾರಿ ತೆಗೆಯಿರಿ ಅಂದೆ. ಸುಮಾರು ಹೊತ್ತು ಯೋಚಿಸಿ ತೆಗೆದಳು. ಮಗಾ ಮಾತ್ರ ಇರಲಿ ಅಂದಳು, ಇರಲಿ ಬಿಡಿ ಅಂದೆ. ಕೊನೆಗೆ ಉಳಿದಿದ್ದು ಇಷ್ಟು: "ಮಗಾ, ಆ ಹಾಡಿನ ಧಾಟಿ, ಸಾಹಿತ್ಯ ನಂದು. ಹಾಡಿದ್ದೂ ನಾನೇ. ಎರಡೂ ಕಡೆ ನನ್ನ ಹೆಸರು ಬರಬೇಕು. ಪಾಲು ಎಷ್ಟು ಅಂತ ಈ ವಾರ ಕೂತು ಮಾತಾಡೋಣ." ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ಹೇಳಿ, ಬಿಡುಗಡೆ ಆದ ಮೇಲೂ ಹೆಸರು ಸೇರಿಸಬಹುದು ಎಂದು ಆಕೆಯೇ ಹುಡುಕಿ ತಂದಿದ್ದಳು.

ಕೆಲಸ ಬಿಡುವ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡ ಎಂದೆ. ಆಪ್ತಸಲಹೆಗಾರರು ಇಷ್ಟು ನೇರವಾಗಿ ಹೇಳಬಾರದು, ಗೊತ್ತು. ಸಂಬಳ ಇದ್ದರೆ 10,000ಕ್ಕೆ ಬೇಡ ಎನ್ನುವ ಧೈರ್ಯ ಇರುತ್ತದೆ. ಬಾಡಿಗೆ ಕಟ್ಟಬೇಕಾದವರು ಯಾವ ಕಾಗದಕ್ಕೂ ಸಹಿ ಹಾಕುತ್ತಾರೆ. ನಿಮ್ಮ ಹೆಸರಲ್ಲಿ ನಾಲ್ಕು ಹಾಡು ಬರಲಿ, ನೀವೇ ವೇದಿಕೆ ಮೇಲೆ ಹಾಡುವಂಥ ಹಾಡುಗಳ ಒಂದು ಸೆಟ್ ಸಿದ್ಧವಾಗಲಿ, ಆಮೇಲೆ ನೋಡೋಣ ಅಂದೆ. ಗಂಟಲಿಗೆ ವಾಕ್ ಚಿಕಿತ್ಸಕರನ್ನು ಕಾಣಲು ಹೇಳಿದೆ. ಡಾಕ್ಟರು ಏನೂ ಇಲ್ಲ ಅಂದ ಮಾತ್ರಕ್ಕೆ ಗಂಟಲಿನ ಬಿಗಿತ ಸುಳ್ಳಾಗುವುದಿಲ್ಲ. ಸ್ನಾಯುಗಳು ನಿಜಕ್ಕೂ ಬಿಗಿಯುತ್ತವೆ, ಅದನ್ನು ಸಡಿಲಿಸುವ ಅಭ್ಯಾಸಗಳಿವೆ. ಮೈಸೂರಿನ ಕಡೆಯವರಾಗಿದ್ದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಆದದ್ದು ಎಲ್ಲವೂ ಸಲೀಸಾಗಿ ಆಗಲಿಲ್ಲ. ಗೆಳೆಯ ಮೆಸೇಜ್ ನೋಡಿ ಕೆಲ ದಿನ ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಗಾಯಕಿ ಅಂತ ಹೆಸರು ಸೇರಿಸಿದ. ಬರೆದವರು ಎಂಬ ಜಾಗದಲ್ಲಿ ಇನ್ನೂ ಅವನ ಹೆಸರೇ ಇದೆ, ಅದರ ಬಗ್ಗೆ ವಕೀಲರ ಪತ್ರ ಹೋಗಿದೆ. ಗಂಟಲು ಮನೆಯಲ್ಲಿ ಸರಿ ಇದೆ, ಸ್ಟುಡಿಯೋದಲ್ಲಿ ಕೆಲವೊಮ್ಮೆ ಕೈಕೊಡುತ್ತದೆ.

ಅವನ ಜೊತೆ ಸದ್ಯಕ್ಕೆ ಹೊಸ ಕೆಲಸ ಒಪ್ಪಿಕೊಳ್ಳಬೇಡಿ ಎಂದು ಹೇಳಿದ್ದೆ. ಆಕೆ ಕೇಳಲಿಲ್ಲ. ಮೊನ್ನೆ ಅವನು ಹೊಸ ಬೀಟ್ ಕಳಿಸಿದನಂತೆ. ಅದನ್ನು ಕೇಳುವ ಮೊದಲೇ ಆಕೆ ಪಾಲಿನ ಹಾಳೆ ಕಳಿಸಿದ್ದಾಳೆ: ಧಾಟಿ ಮತ್ತು ಸಾಹಿತ್ಯಕ್ಕೆ ಅರ್ಧ, ಟ್ರ್ಯಾಕಿಗೆ ಅರ್ಧ. ಅವನು 60-40 ಅಂದಿದ್ದಾನೆ. ಚೌಕಾಸಿ ನಡೆಯುತ್ತಿದೆ.