ಒಂದೇ ರಾತ್ರಿ 40 ಜನ ಬೈದರು: ಗಿರಾಕಿಗಳ ಸಿಟ್ಟಾ, ಯಾರಾದರೂ ಮಾಡಿಸಿದ್ದಾ?

ಪ್ರಶ್ನೆ: ಮದ್ದೂರಿನ ಹತ್ತಿರ ಆಲೆಮನೆ ಬೆಲ್ಲ ಮಾರುತ್ತೇನೆ ಸರ್. ಬೆಲ್ಲ ಬೆಳ್ಳಗೆ ಕಾಣಲೆಂದು ರಾಸಾಯನಿಕ ಹಾಕುತ್ತಾರೆ ಅಂತ ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಹಾಕಿದ್ದೆ. ಅದೇ ರಾತ್ರಿ ಒಂದು ಗಂಟೆಯೊಳಗೆ 40 ಜನ ಬೈದು ಕಾಮೆಂಟ್ ಹಾಕಿದರು. ಗೂಗಲ್ ಮ್ಯಾಪ್‌ನಲ್ಲೂ ಒಂದೊಂದೇ ಸ್ಟಾರ್. ಇದು ನಿಜವಾದ ಸಿಟ್ಟೋ, ಮಾಡಿಸಿದ್ದೋ ತಿಳಿಯುವುದು ಹೇಗೆ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮೊದಲಿಗೆ, ಯಾವ ಕಾಮೆಂಟನ್ನೂ ಅಳಿಸಬೇಡಿ. ನೋಡಿದಾಗೆಲ್ಲ ಸಂಕಟ ಆಗುತ್ತದೆ, ಗೊತ್ತು. ಆದರೆ ನಿಮ್ಮ ಸಾಕ್ಷಿಯೇ ಅದು. ಖಾತೆಯ ಹೆಸರು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಲಿಂಕನ್ನೂ ಉಳಿಸಿಕೊಳ್ಳಿ.

ಆಮೇಲೆ ಒಂದು ನೋಟ್‌ಬುಕ್ ಹಿಡಿದು ಕೂರಿ. ಯಾರು, ಎಷ್ಟು ಹೊತ್ತಿಗೆ, ಏನು ಬರೆದರು ಅಂತ ಸಾಲಾಗಿ ಬರೆಯಿರಿ. ನಾನು ಮೊದಲು ಹುಡುಕುವುದು ತಪ್ಪುಗಳನ್ನ. ಕನ್ನಡ ಟೈಪ್ ಮಾಡುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ ಅಲ್ವಾ? ಒಬ್ಬರು ಒತ್ತಕ್ಷರ ಬಿಡುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಹತ್ತು ಜನರೂ ಒಂದೇ ಸಾಲಿನಲ್ಲಿ 'ಬೆಲ್ಲ'ವನ್ನು 'ಬೆಲ' ಅಂತಲೇ ಬರೆದಿದ್ದರೆ, ಆ ಸಾಲು ಒಂದೇ ಕಡೆಯಿಂದ ಕಾಪಿಯಾಗಿ ಬಂದಿದೆ.

ಖಾತೆಗಳನ್ನೂ ತೆರೆದು ನೋಡಿ. ಎಷ್ಟೋ ಇನ್‌ಸ್ಟಾಗ್ರಾಂ ಪ್ರೊಫೈಲ್‌ಗಳಲ್ಲಿ ಮೂರು ಚುಕ್ಕಿ ಒತ್ತಿದರೆ ಖಾತೆ ಯಾವಾಗ ಶುರುವಾಯಿತು ಅನ್ನುವುದು ಸಿಗುತ್ತದೆ. ಎಲ್ಲವೂ ಒಂದೇ ತಿಂಗಳಲ್ಲಿ ಹುಟ್ಟಿದ್ದರೆ ಅನುಮಾನ ಪಡಿ. ಗೂಗಲ್‌ನಲ್ಲಿ ರಿವ್ಯೂ ಬರೆದವರ ಹೆಸರು ಒತ್ತಿ. ನಿಮಗೆ ಒಂದು ಸ್ಟಾರ್ ಕೊಟ್ಟ ಅಷ್ಟೂ ಜನ ಇನ್ಯಾವುದೋ ಒಂದೇ ಅಂಗಡಿಗೆ ಐದು ಸ್ಟಾರ್ ಕೊಟ್ಟಿದ್ದರೆ, ಅದು ಬಹಳ ಗಟ್ಟಿ ಸುಳಿವು.

ಸಮಯ ಒಂದನ್ನೇ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ. ಯಾರೋ ಊರಿನ ವಾಟ್ಸಾಪ್ ಗ್ರೂಪಿಗೆ ನಿಮ್ಮ ವಿಡಿಯೊ ಹಾಕಿ, 'ನಮ್ಮ ಆಲೆಮನೆಯವರನ್ನೆಲ್ಲ ಕಳ್ಳರು ಅಂದಿದ್ದಾರೆ' ಅಂದಿದ್ದರೂ ಸಾಕು, ನಿಜವಾದ ಜನವೇ ಒಟ್ಟಿಗೆ ನುಗ್ಗುತ್ತಾರೆ. ಆಲೆಮನೆ ನಂಬಿ ಬದುಕುವವರಿಗೆ ನೋವಾಗಿದ್ದರೆ ಅವರಿಗೆ ಸಮಾಧಾನದಿಂದ ಉತ್ತರ ಕೊಡಿ. ಕಾಪಿ ಸಾಲುಗಳಿಗೆ ಉತ್ತರ ಬೇಡ.

ಇನ್‌ಸ್ಟಾಗ್ರಾಂಗೆ ದೂರು ಕೊಡುವಾಗ ಎಲ್ಲ ಖಾತೆಗಳ ಪಟ್ಟಿಯನ್ನು ಒಟ್ಟಿಗೆ ತೋರಿಸಿ. ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಫೇಸ್‌ಬುಕ್ (ಈಗ ಮೆಟಾ) 2018ರಿಂದಲೂ ಇಂಥ ಜಾಲಗಳನ್ನು ತೆಗೆಯುವಾಗ, ನಕಲಿ ಖಾತೆಗಳು ಹೇಗೆ ಒಟ್ಟಾಗಿ ನಡೆದುಕೊಂಡವು ಅನ್ನುವುದನ್ನೇ ಮುಖ್ಯವಾಗಿ ನೋಡುತ್ತದೆ. ಒಂದೊಂದೇ ಕಾಮೆಂಟ್ ಕಳಿಸಿದರೆ ಅದು ಸುಮ್ನೆ ಒಂದು ಬೈಗುಳದ ಹಾಗೆ ಕಾಣುತ್ತದೆ.

ಬೆದರಿಕೆ ಹಾಕಿದ್ದರೆ, ಮನೆ ವಿಳಾಸ ಬಯಲು ಮಾಡಿದ್ದರೆ ಇಷ್ಟೆಲ್ಲ ಕಾಯಬೇಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಂಡ್ಯದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಸ್ಕ್ರೀನ್‌ಶಾಟ್ ತೆಗೆದ ಫೋನನ್ನೂ ಒಯ್ಯಿರಿ. ಕೋರ್ಟಿನಲ್ಲಿ ಅವನ್ನು ಸಾಕ್ಷಿ ಮಾಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಆ ಫೋನಿನ ವಿವರ ಕೇಳುತ್ತಾರೆ.