ಓದುಗರ ಪ್ರಶ್ನೆ: ಕಲ್ಲು ಸರಿದಿತ್ತು, ಆಮೇಲೆ?

ಪ್ರಶ್ನೆ: ನಮ್ಮವ್ವ ತೀರಿಕೊಂಡು ಒಂದೂವರೆ ತಿಂಗಳಾಯಿತು. ಪ್ರಾರ್ಥನೆಗೆ ಬಂದವರೆಲ್ಲ "ಅಳಬ್ಯಾಡ್ರಿ, ಪುನರುತ್ಥಾನದ ಮ್ಯಾಲ ನಂಬಿಕಿ ಇಲ್ಲೇನು ನಿಮಗ?" ಅಂತಾರೆ. ಅತ್ತರೆ ನಂಬಿಕೆ ಕಡಿಮೆ ಅಂತಲೇ ಅರ್ಥವೇ?
– ಓದುಗರೊಬ್ಬರು, ಬೀದರ್

ಉತ್ತರ: ಖಂಡಿತ ಅಲ್ಲ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆಯಿರಿ. ಯೇಸುವಿನ ಗೆಳೆಯ ಲಾಜರ ಸಮಾಧಿ ಸೇರಿ ನಾಲ್ಕು ದಿನವಾಗಿದೆ. ಎದುರಿಗೆ ಬಂದ ಅವನ ಸೋದರಿ ಮಾರ್ಥಳಿಗೆ ಯೇಸು "ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ" ಎಂದು ಹೇಳುವುದು 25ನೇ ವಚನದಲ್ಲಿ. ಹತ್ತೇ ವಚನ ದಾಟಿ 35ಕ್ಕೆ ಬಂದರೆ ಅದೇ ಯೇಸು ಕಣ್ಣೀರು ಸುರಿಸುತ್ತಾರೆ. ಲಾಜರನನ್ನು ಎಬ್ಬಿಸಲಿಕ್ಕೇ ಹೊರಟು ಬಂದವರು ಅವರು. 11ನೇ ವಚನದಲ್ಲಿ ಶಿಷ್ಯರಿಗೆ ಹಾಗೆಂದು ಹೇಳಿಯೂ ಇದ್ದಾರೆ. ಎಬ್ಬಿಸುವವರೇ ಅತ್ತ ಮೇಲೆ ಅವ್ವನನ್ನು ಕಳೆದುಕೊಂಡವರ ಕಣ್ಣೀರಿಗೆ ಯಾಕೆ ಲೆಕ್ಕ ಕೇಳಬೇಕು?

ಅಳಬೇಡಿ ಎನ್ನುವವರು ಸಾಮಾನ್ಯವಾಗಿ ನೆನೆಯುವುದು ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದ 4:13ನ್ನು. ಆದರೆ ಅರ್ಧ ಮಾತ್ರ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು ಪೌಲ ಬರೆದದ್ದು; ದುಃಖಿಸಲೇಬೇಡಿ ಎಂದಲ್ಲ. ಈ 'ನಿರೀಕ್ಷೆ' ಎಂಬ ಮಾತೂ ನೋಡಿ. ತೊಗರಿ ಬಿತ್ತಿ ಮುಗಿಲು ನೋಡುತ್ತ ಕೂತವರ ಬಾಯಲ್ಲಿ ಬರುವ ಮಾತೇ ಇದು, ಮಳೆಯ ನಿರೀಕ್ಷೆ. ಕಾಯುತ್ತಿದ್ದೇವೆ ಅಂದರೆ ಬರಬೇಕಾದದ್ದು ಇನ್ನೂ ಬಂದಿಲ್ಲ ಎಂದೇ ಆಯಿತು. ಆ ನಡುವಿನ ಕಾಲ ನೋಯುತ್ತದೆ.

ಸಾವಿನ ಮನೆಗೆ ಹೋಗುವವರಿಗೂ ಒಂದು ಮಾತು. ಹೋದ ಕೂಡಲೇ ಬೈಬಲ್ ತೆಗೆಯಬೇಡಿ. ಮೊದಲು ಕೂತುಕೊಳ್ಳಿ, ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, ಮನೆಯವರು ಹೇಳುವುದನ್ನು ಕೇಳಿ. ಆಮೇಲೆ ಯೋಹಾನ 11:17ರಿಂದ 36ರವರೆಗೆ ಓದಿ, ಅಲ್ಲಿಗೇ ನಿಲ್ಲಿಸಿ. ಹುರುಪಿನಲ್ಲಿ 44ರವರೆಗೂ ಓದಿಬಿಡುವುದೇ ಎಡವುವ ಜಾಗ. "ಅವರ ತಮ್ಮ ನಾಲ್ಕನೇ ದಿನಕ್ಕೆ ಎದ್ದು ಬಂದ, ನಮ್ಮವ್ವ ಯಾಕೆ ಬರಲಿಲ್ಲ?" ಎಂಬ ಪ್ರಶ್ನೆ ಕೂತವರ ಎದೆಯಲ್ಲಿ ಎದ್ದರೆ, ಆ ಹೊತ್ತಿನಲ್ಲಿ ಯಾವ ಉತ್ತರವೂ ಒಳಗೆ ಇಳಿಯುವುದಿಲ್ಲ. ಉಳಿದ ಭಾಗ ಮುಂದೊಂದು ದಿನಕ್ಕಿರಲಿ.

ಪ್ರಶ್ನೆ: ಲಾಜರನೂ ಎದ್ದ, ಯೇಸುವೂ ಎದ್ದರು. ಏನು ವ್ಯತ್ಯಾಸ?
– ಹುಮನಾಬಾದ್

ಉತ್ತರ: ಬಟ್ಟೆ ನೋಡಿ, ಗೊತ್ತಾಗುತ್ತದೆ. ಲಾಜರ ಹೊರಗೆ ಬರುವಾಗ ಕೈಕಾಲಿಗೆ ಕಟ್ಟು, ಮುಖಕ್ಕೆ ಸುತ್ತಿದ ವಸ್ತ್ರ ಹಾಗೇ ಇದ್ದವು. ಕಲ್ಲನ್ನು ಬೇರೆಯವರು ತೆಗೆದರು, ಕಟ್ಟನ್ನೂ ಬೇರೆಯವರೇ ಬಿಚ್ಚಬೇಕಾಯಿತು. ಯೋಹಾನ 20:6–7ಕ್ಕೆ ಬನ್ನಿ. ಶಿಷ್ಯ ಪೇತ್ರ ಯೇಸುವಿನ ಸಮಾಧಿಯೊಳಗೆ ಹೋದಾಗ ನಾರುಬಟ್ಟೆಗಳು ಬಿದ್ದಿವೆ, ತಲೆಗೆ ಸುತ್ತಿದ್ದ ವಸ್ತ್ರ ಬೇರೆ ಕಡೆ ಸುರುಳಿಯಾಗಿದೆ, ಒಳಗಿದ್ದವರು ಇಲ್ಲ. ಆ ಬಟ್ಟೆಯ ನಡುವೆ ಯೆಹೂದ್ಯರ ಹಿರಿಯ ನಿಕೊದೇಮ ತಂದ ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯ ಇಟ್ಟು ಸುತ್ತಿದ್ದರು. ರೋಮನ್ನರ ತೂಕದಲ್ಲಿ ನೂರು ಪೌಂಡು, ಅಂದರೆ ಸುಮಾರು 33 ಕಿಲೋ. ದೇಹ ಕದಿಯಲು ಬಂದವರು ಇಷ್ಟೆಲ್ಲ ಬಿಚ್ಚಿ, ತಲೆವಸ್ತ್ರವನ್ನು ಬೇರೆಯಾಗಿ ಇಟ್ಟು ಹೋಗುತ್ತಾರೆಯೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಇದನ್ನು ಕೋರ್ಟಿನ ಸಾಕ್ಷಿಯ ಹಾಗೆ ಎಳೆದಾಡಬೇಡಿ.

ಲಾಜರ ಮರಳಿದ್ದು ಹಳೆಯ ಬಾಳಿಗೆ. ಯೋಹಾನ 12:10ರಲ್ಲಿ ಮಹಾಯಾಜಕರು ಅವನನ್ನೂ ಕೊಲ್ಲಿಸುವ ಆಲೋಚನೆ ಮಾಡುತ್ತಾರೆ. ಅವನಿಗೆ ಸಾವು ಇನ್ನೂ ಬಾಕಿ ಇತ್ತು. ಯೇಸು ಹೀಗೇ ಎಬ್ಬಿಸಿದ ಯಾಯೀರನ ಹನ್ನೆರಡು ವರ್ಷದ ಮಗಳು, ನಾಯಿನೆಂಬ ಊರಿನ ವಿಧವೆಯ ಮಗ, ಇವರದ್ದೂ ಅದೇ ಲೆಕ್ಕ. ಯೇಸುವಿನದ್ದು ಮರಳಿ ಬರುವುದಲ್ಲ, ಸಾವನ್ನು ದಾಟಿ ಮುಂದೆ ಹೋಗುವುದು. ಬಾಗಿಲು ಹಾಕಿದ್ದರೂ ನಡುವೆ ಬಂದು ನಿಲ್ಲುತ್ತಾರೆ. ಹಾಗೆಂದು ದೆವ್ವವಲ್ಲ, ಸುಟ್ಟ ಮೀನಿನ ತುಂಡು ತಿನ್ನುತ್ತಾರೆ. ಮೊಳೆ ಹೊಡೆದ ಗಾಯ ಹಾಗೇ ಇದೆ.

ಪ್ರಶ್ನೆ: ಸಮಾಧಿಗೆ ಹೋದ ಹೆಣ್ಣುಮಕ್ಕಳು ಎಷ್ಟು ಜನ? ನಾಲ್ಕು ಸುವಾರ್ತೆ ನಾಲ್ಕು ಥರ ಹೇಳುತ್ತವೆ. ಸಂಡೇ ಸ್ಕೂಲ್ ಮಕ್ಕಳು ಕೇಳಿದರೆ ಏನು ಹೇಳಲಿ?
– ಶಹಾಪುರ

ಉತ್ತರ: ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮತ್ತಾಯನಲ್ಲಿ ಇಬ್ಬರು, ಮಾರ್ಕನಲ್ಲಿ ಮೂವರು, ಲೂಕನಲ್ಲಿ ಮೂವರ ಹೆಸರಿನ ಜೊತೆ ಇನ್ನೂ ಕೆಲವರು, ಯೋಹಾನನಲ್ಲಿ ಮಗ್ದಲದ ಮರಿಯಳೊಬ್ಬಳೇ. ಅವಳೂ 20:2ರಲ್ಲಿ "ನಮಗೆ ಗೊತ್ತಿಲ್ಲ" ಎನ್ನುತ್ತಾಳೆ, "ನನಗೆ" ಎನ್ನುವುದಿಲ್ಲ. ಬೋರ್ಡಿನ ಮೇಲೆ ನಾಲ್ಕು ಕಾಲಂ ಗೀಚಿ, ಯಾರು ಹೋದರು, ಒಳಗೆ ಯಾರನ್ನು ಕಂಡರು, ಆಮೇಲೆ ಏನು ಮಾಡಿದರು ಎಂದು ಮಕ್ಕಳಿಂದಲೇ ತುಂಬಿಸಿ. ವಾರದ ಮೊದಲ ದಿನ, ಸರಿದ ಕಲ್ಲು, ಇಲ್ಲದ ದೇಹ, ಮಗ್ದಲದ ಮರಿಯಳು: ಇಷ್ಟು ನಾಲ್ಕರಲ್ಲೂ ಒಂದೇ. ನಾಲ್ಕನ್ನೂ ಕಲಸಿ ಒಂದೇ ಕಥೆ ಮಾಡಿದರೆ ಯಾರೂ ಬರೆಯದ ಐದನೇ ಸುವಾರ್ತೆಯೊಂದು ಹುಟ್ಟುತ್ತದೆ.

ಲೂಕ 24:11 ಬಿಡಬೇಡಿ. ಹೆಂಗಸರ ಮಾತು ಅಪೊಸ್ತಲರಿಗೇ ಹುರುಳಿಲ್ಲದ ಹರಟೆಯಾಗಿ ಕೇಳಿಸಿತು, ಅವರು ನಂಬಲಿಲ್ಲ. ಮತ್ತಾಯ 28:17ರಲ್ಲಿ ಯೇಸುವನ್ನು ಕಣ್ಣಾರೆ ಕಂಡು ಅಡ್ಡಬಿದ್ದವರಲ್ಲೂ ಕೆಲವರಿಗೆ ಸಂದೇಹ. ಸಂಶಯದ ಹೆಸರೆಲ್ಲ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ತಲೆಗೇ ಕಟ್ಟಿದ್ದೇವೆ, ಪಾಪ.

ಪ್ರಶ್ನೆ: ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಗೆ ಮೂರು ದಿನ ಹೇಗಾಗುತ್ತದೆ?
– ಸೇಡಂ

ಉತ್ತರ: ಯೆಹೂದ್ಯರ ಎಣಿಕೆಯಲ್ಲಿ ದಿನದ ತುಣುಕೂ ಒಂದು ದಿನ, ಮತ್ತು ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಶುಕ್ರವಾರದ ಕೊನೆ, ಪೂರ್ತಿ ಸಬ್ಬತ್ (ಶನಿವಾರ), ಭಾನುವಾರದ ಮೊದಲ ಭಾಗ. ಮೂರಾಯಿತು.

ಪ್ರಶ್ನೆ: ಈಸ್ಟರ್ ನಸುಕಿನಲ್ಲಿ ಸಮಾಧಿ ಜಾಗದಲ್ಲಿ ಆರಾಧನೆ ಇಟ್ಟುಕೊಳ್ಳುತ್ತೇವೆ. ಪ್ರತಿ ಸಲ ತಡವಾಗಿ ಬಿಸಿಲೇರಿಬಿಡುತ್ತದೆ. ಹೇಗೆ ಹೊಂದಿಸುವುದು?
– ಚಿತ್ತಾಪುರ

ಉತ್ತರ: ಮೊದಲು ಕ್ಯಾಲೆಂಡರ್. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಂದಾದರೂ ಬರಬಹುದು. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಏಪ್ರಿಲ್ ಮೊದಲ ವಾರ ನಮ್ಮ ಕಡೆ ಸೂರ್ಯ ಹುಟ್ಟುವುದು ಸುಮಾರು 6:15ಕ್ಕೆ, ಅದಕ್ಕೂ ಇಪ್ಪತ್ತು ನಿಮಿಷ ಮೊದಲೇ ಮುಖ ಕಾಣುವಷ್ಟು ಬೆಳಕಾಗಿರುತ್ತದೆ. ಆರಾಧನೆ 5:15ಕ್ಕೆ ಶುರುವಾಗಬೇಕು. ಜನರಿಗೆ ಐದಕ್ಕೇ ಬನ್ನಿ ಎಂದು ಹೇಳಿ.

ಕತ್ತಲಲ್ಲಿ ಮಾರ್ಕ 16:1–8 ಓದಿ. ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂದು ಮಾತಾಡಿಕೊಂಡು ಹೋದವರು, ಹೆದರಿ ಯಾರಿಗೂ ಏನೂ ಹೇಳದೆ ಓಡುತ್ತಾರೆ. ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ, ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ, ಮಾರ್ಕನ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ. ನೀವೂ ಅಲ್ಲಿಗೇ ನಿಲ್ಲಿಸಿ ಎರಡು ನಿಮಿಷ ಸುಮ್ಮನಿರಿ. ಬೆಳಕು ಹರಿಯುವಾಗ ಯೋಹಾನ 20:11–18. ಮರಿಯಳು ಯೇಸುವನ್ನು ತೋಟಗಾರನೆಂದು ತಿಳಿದದ್ದು, ಹೆಸರು ಹಿಡಿದು ಕರೆದ ಕೂಡಲೇ ಗುರುತಿಸಿದ್ದು ಆಗ ಕಿವಿಗೆ ಬೀಳಬೇಕು. ಪ್ರಸಂಗ ಹತ್ತು ನಿಮಿಷ ಸಾಕು. ತಡವಾಗುವುದು ಬಹುತೇಕ ಅಲ್ಲೇ. ಓದುವವರಿಗೆ ಟಾರ್ಚ್ ಕೊಡಿ, ಗಾಳಿಗೆ ಆರುವ ಮೇಣದ ಬತ್ತಿಯ ಬೆಳಕಲ್ಲಿ ಸಣ್ಣ ಅಕ್ಷರ ಕಾಣುವುದಿಲ್ಲ. ಗೋರಿಗಳ ಮೇಲಿನ ಬತ್ತಿಗಳನ್ನು ಆರಿಸಿಯೇ ಹೊರಡಿ, ಸುತ್ತಲಿನ ಹುಲ್ಲು ಆ ಹೊತ್ತಿಗೆ ಒಣಗಿರುತ್ತದೆ.