ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರು ಎಲ್ಲಿ ಹೋಯಿತು?

ಹಾಡಿ, ಪೋಡುಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವರಿಂದ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಅರಣ್ಯ ಜಮೀನಿನ ಹಕ್ಕುಪತ್ರದಲ್ಲಿ ಹೆಂಗಸರ ಹೆಸರಿಲ್ಲ. ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೂ ದಲ್ಲಾಳಿಗಳು ಅದೇ ಸುಳ್ಳು ಹೇಳಿ ದುಡ್ಡು ಕೀಳುತ್ತಲೇ ಇದ್ದಾರೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ. ಕಾಡಿನಲ್ಲಿ ಉಳುಮೆ ಮಾಡಿಕೊಂಡು ಬಂದ ಆದಿವಾಸಿಗಳಿಗೆ ಆ ಜಮೀನಿನ ಹಕ್ಕುಪತ್ರ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮೊದಲಿಂದ ವಿವರಿಸುತ್ತಾ ಕೂರುವುದಿಲ್ಲ. ಈ ಕೆಲಸಕ್ಕೆ ಇಳಿದವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ನಮ್ಮ ಹಾಡಿಯಲ್ಲಿ ಹಕ್ಕುಪತ್ರಗಳೆಲ್ಲ ಗಂಡಸರ ಹೆಸರಿಗೇ ಬಂದಿವೆ. ಒಬ್ಬಾಕೆಯ ಗಂಡ ತೀರಿಕೊಂಡ. ಮಕ್ಕಳು ಚಿಕ್ಕವು. ಈಗ ಮೈದುನ ‘ಅಣ್ಣನ ಜಮೀನು ನನಗೇ ಸೇರಬೇಕು’ ಅಂತ ಹೇಳಿ ಶುಂಠಿ ಬೆಳೆಯುವವರಿಗೆ ಕೊಟ್ಟಿದ್ದಾನೆ. ಹೆಸರು ಬದಲಾಯಿಸಿಕೊಡಲು ಒಬ್ಬರು ಹದಿನೈದು ಸಾವಿರ ಕೇಳುತ್ತಿದ್ದಾರೆ. ಕೊಡಬಹುದಾ?

ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಹಕ್ಕುಪತ್ರವನ್ನಂತೂ ಯಾರ ಕೈಗೂ ಕೊಡಬೇಡಿ. ‘ಸುಮ್ನೆ ನೋಡಿ ಕೊಡ್ತೀನಿ’ ಅಂದರೂ ಬೇಡ. ಜೆರಾಕ್ಸ್ ಸಾಕು.

2006ರ ಕಾಯ್ದೆಯ ನಾಲ್ಕನೇ ಸೆಕ್ಷನ್‌ನ ನಾಲ್ಕನೇ ಉಪಸೆಕ್ಷನ್ ಓದಿ. ಮದುವೆಯಾದವರಾದರೆ ಹಕ್ಕು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ದಾಖಲಾಗಬೇಕು. ಒಂಟಿ ಹೆಂಗಸು ಮನೆ ನಡೆಸುತ್ತಿದ್ದರೆ ಆಕೆಯ ಹೆಸರಲ್ಲೇ ಆಗಬೇಕು. ‘ಬೇಕಿದ್ದರೆ ಸೇರಿಸಬಹುದು’ ಅಂತ ಅಲ್ಲಿಲ್ಲ, ‘ಆಗಬೇಕು’ ಅಂತ ಇದೆ. ಅರ್ಜಿ ನಮೂನೆಯಲ್ಲೇ ಗಂಡ ಅಥವಾ ಹೆಂಡತಿಯ ಹೆಸರಿಗೆ ಜಾಗ ಇದೆ. ಅದನ್ನು ಖಾಲಿ ಬಿಟ್ಟು ತುಂಬಿಕೊಟ್ಟವರು ಯಾರು? ಬಹಳ ಸಲ ನಮ್ಮಂಥ ಕಾರ್ಯಕರ್ತರೇ. ಒಂದೇ ದಿನ ನಲವತ್ತು ಅರ್ಜಿ ಬರೆಯುವ ಆತುರದಲ್ಲಿ ಯಜಮಾನನ ಹೆಸರು ಬರೆದು ಮುಂದೆ ಹೋಗಿಬಿಡುತ್ತೇವೆ. ಮೊದಲ ವರ್ಷಗಳಲ್ಲಿ ನಾನೂ ಹಾಗೆ ಬರೆದಿದ್ದೇನೆ. ಆಮೇಲೆ ಅದನ್ನು ಸರಿಪಡಿಸಲು ಆ ಹೆಂಗಸರು ಎಷ್ಟು ಸಲ ಕೂಲಿ ಬಿಟ್ಟು ಕಚೇರಿಗೆ ಅಲೆದರು ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು.

ಈಗ ಮೈದುನನ ಮಾತು. ಈ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಆದರೆ ಮಾರುವ ಹಾಗಿಲ್ಲ, ಬೇರೆಯವರಿಗೆ ವರ್ಗಾಯಿಸುವ ಹಾಗಿಲ್ಲ. ನೇರ ವಾರಸುದಾರರು ಇಲ್ಲದಿದ್ದಾಗ ಮಾತ್ರ ಹತ್ತಿರದ ಸಂಬಂಧಿಯ ಸರದಿ. ಹೆಂಡತಿ, ಮಕ್ಕಳು ಕಣ್ಣೆದುರು ಇರುವಾಗ ಮೈದುನ ಎಲ್ಲಿಂದ ಬಂದ? ‘ಹೆಂಗಸಿನ ಹೆಸರು ಸೇರಿಸಿದರೆ ಇನ್ನೊಂದು ಮದುವೆಯಾಗಿ ಜಮೀನು ತಗೊಂಡು ಹೋಗ್ತಾಳೆ’ ಅನ್ನುವುದು ಯಜಮಾನರ ಬಾಯಲ್ಲಿ ನಾನು ಜಾಸ್ತಿ ಕೇಳಿರುವ ಮಾತು. ಮಾರಲಾಗದ ಜಮೀನನ್ನು ಆಕೆ ಎಲ್ಲಿಗೆ ತಗೊಂಡು ಹೋಗುತ್ತಾಳೆ?

ಮಾಡಬೇಕಾದ ಕೆಲಸ ಇಷ್ಟು. ಮರಣ ಪ್ರಮಾಣಪತ್ರ ಇದೆಯಾ ಅಂತ ಮೊದಲು ನೋಡಿ. ಹಾಡಿಗಳಲ್ಲಿ ಸಾವು ಬಹಳ ಸಲ ನೋಂದಣಿಯೇ ಆಗಿರುವುದಿಲ್ಲ. 21 ದಿನದೊಳಗೆ ಹೇಳಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ಅಧಿಕಾರಿಯ ಆದೇಶ ಬೇಕಾಗುತ್ತದೆ. ಎಷ್ಟೋ ವಿಧವೆಯರ ಕೆಲಸ ನಿಂತಿರುವುದು ಈ ಒಂದು ಕಾಗದಕ್ಕೆ. ಅದು ಸಿಕ್ಕ ಮೇಲೆ ವಂಶವೃಕ್ಷ, ರೇಷನ್ ಕಾರ್ಡು, ಹಕ್ಕುಪತ್ರದ ನಕಲು ಸೇರಿಸಿ, ಆಕೆಯ ಹೆಸರು ದಾಖಲಿಸಿ ಅಂತ ಅರಣ್ಯ ಹಕ್ಕು ಸಮಿತಿಗೂ (ಅರ್ಜಿ ಪರಿಶೀಲಿಸಲು ಗ್ರಾಮ ಸಭೆ ಆರಿಸಿದ ಸಮಿತಿ) ಉಪವಿಭಾಗಾಧಿಕಾರಿಗೂ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ಹಿಂದಿರುಗಬೇಡಿ. ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ಅದು ಉಚಿತ, ಆದಾಯ ಎಷ್ಟಿದ್ದರೂ. ಸಹಾಯವಾಣಿ 15100.

ಶುಂಠಿ ವಿಷಯದಲ್ಲಿ ಎಚ್ಚರ. ಮೈದುನ ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಕರಾರಿಗೆ ಬೆಲೆ ಇಲ್ಲ. ಆದರೂ ಬೆಳೆ ನಿಂತಿರುವಾಗ ಆಕೆ ಒಬ್ಬಳೇ ಹೋಗಿ ಬೇಲಿ ಕೀಳುವುದು ಬೇಡ. ಹಾಗೆ ಹೋದ ಒಬ್ಬಾಕೆ ಕೈ ಮುರಿದುಕೊಂಡು ಬಂದಳು. ಆ ದಿನ ಅವಳ ಜೊತೆ ನಾನಿರಬೇಕಿತ್ತು. ದೂರನ್ನು ತಹಸೀಲ್ದಾರರಿಗೆ ಬರೆದು ಕೊಡಿ, ನಾಲ್ಕೈದು ಹೆಂಗಸರು ಒಟ್ಟಿಗೆ ಹೋಗಿ.

ಇನ್ನು ಹೊಸ ಅರ್ಜಿ ಹಾಕುವವರಿಗೆ. ‘ಟೈಮ್ ಮುಗೀತು’ ಅನ್ನುವುದು ಸುಳ್ಳು. ಕಾಯ್ದೆಯಲ್ಲಿ ಕೊನೆಯ ದಿನ ಅಂತ ಇಲ್ಲ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಜಮೀನು ಅನುಭವದಲ್ಲಿ ಇರಬೇಕು, ಅಷ್ಟೇ. ‘ಉಪಗ್ರಹದ ಫೋಟೊ ಬೇಕು, ನಾನು ತರಿಸಿಕೊಡ್ತೀನಿ’ ಅನ್ನುವವರನ್ನು ಹಾಡಿಯಿಂದ ಆಚೆ ಕಳಿಸಿ. ಒಂದೇ ಬಗೆಯ ದಾಖಲೆ ಬೇಕು ಅಂತ ಪಟ್ಟು ಹಿಡಿಯುವ ಹಾಗಿಲ್ಲ. ಹಿರಿಯರ ಹೇಳಿಕೆ, ಹಳೆಯ ಮನೆಯ ಗುರುತು, ಗೋರಿ, ದೇವರ ಜಾಗ, ಇವೆಲ್ಲ ನಿಯಮ ಒಪ್ಪುವ ಸಾಕ್ಷಿಗಳೇ. ಸೋಲಿಗರ ಪೋಡೊಂದರಲ್ಲಿ ಸ್ಥಳ ಪರಿಶೀಲನೆಯ ದಿನ ಗಂಡಸರು ಗಡಿ ತೋರಿಸಲು ತಡವರಿಸುತ್ತಿದ್ದರು. ಒಬ್ಬ ಅಜ್ಜಿ ಎದ್ದು ಬಂದು ತನ್ನ ಅತ್ತೆಯ ಕಲ್ಲುಗುಡಿ (ತೀರಿಹೋದವರ ನೆನಪಿಗೆ ಕಲ್ಲು ಇಡುವ ಜಾಗ) ತೋರಿಸಿದರು. ಅಲ್ಲಿಂದ ಅಬ್ಬಿಯವರೆಗೆ, ಅಂದರೆ ತೊರೆಯವರೆಗೆ, ಯಾವ ವರ್ಷ ರಾಗಿ, ಯಾವ ವರ್ಷ ಅವರೆ ಅಂತ ಹೇಳುತ್ತಾ ನಡೆದರು. ಅಧಿಕಾರಿ ಬರೆದುಕೊಂಡಿದ್ದು ಅವರ ಮಾತನ್ನೇ. ಅಂಥ ಅಜ್ಜಿಯರ ಹೇಳಿಕೆಯನ್ನು ಮೊದಲು ಬರೆಸಿ. ಅವರಿಗೆ ವಯಸ್ಸಾಗುತ್ತಿದೆ.

ಸಭೆಯ ಬಗ್ಗೆಯೂ ಒಂದು ಮಾತು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು. ಗ್ರಾಮ ಸಭೆಗೆ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲೂ ಮೂರನೇ ಒಂದು ಪಾಲು ಹೆಂಗಸರಿರಬೇಕು. ಮಧ್ಯಾಹ್ನ ಸಭೆ ಇಟ್ಟರೆ ಅವರು ಜೀಪ್ ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗಿರುತ್ತಾರೆ. ಆಮೇಲೆ ರಾತ್ರಿ ಮನೆ ಮನೆಗೆ ರಿಜಿಸ್ಟರ್ ತಂದು ಹೆಬ್ಬೆಟ್ಟು ಒತ್ತಿಸುತ್ತಾರೆ. ಇದನ್ನು ನೋಡಿಕೊಂಡು ಸುಮ್ಮನಿರುವ ಕಾರ್ಯಕರ್ತರ ಮೇಲೆ ನನಗೆ ಸಿಟ್ಟಿದೆ. ಸಭೆಯನ್ನು ರಜೆಯ ದಿನ ಇಡಿಸಿ.

ಪ್ರಶ್ನೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಆದಿವಾಸಿ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಸಮಪಾಲು ಇದೆ ಅಲ್ವಾ?

ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ ಅಂತ ಅದರ ಎರಡನೇ ಸೆಕ್ಷನ್‌ನಲ್ಲೇ ಇದೆ. ಇದನ್ನು ಓದದೆ ನೋಟಿಸ್ ಕಳಿಸಿ ಫೀಸು ತೆಗೆದುಕೊಳ್ಳುವ ವಕೀಲರಿದ್ದಾರೆ. ಹಾಗಂತ ದಾರಿ ಮುಚ್ಚಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಆ ಮನೆಯ ಮಗಳ ವಾರಸುದಾರರಿಗೆ ಸಮಪಾಲು ಕೊಟ್ಟಿತು. ಹೆಣ್ಣಿಗೆ ಪಾಲಿಲ್ಲ ಅನ್ನುವ ಪದ್ಧತಿ ಇದೆ ಅಂತ ಸಾಬೀತಾಗದಿದ್ದರೆ ಪಾಲು ತಪ್ಪಿಸಲಾಗದು ಅಂದಿತು. ದಾವೆ ಹಾಕುವುದಾದರೆ ಈ ತೀರ್ಪಿನ ಮೇಲೆ ಹಾಕಿಸಿ.

ಪ್ರಶ್ನೆ: ಪೆಸಾ ಕಾಯ್ದೆ ಪ್ರಕಾರ ನಮ್ಮ ಹಾಡಿ ಸಭೆಗೆ ಅಧಿಕಾರ ಕೊಡಿಸುವುದು ಹೇಗೆ?

ಆಗುವುದಿಲ್ಲ. ಗ್ರಾಮ ಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಅನ್ವಯಿಸುವುದು ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಆದಿವಾಸಿ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ.

ಪ್ರಶ್ನೆ: ನಮ್ಮ ಕಚೇರಿಯಿಂದ ಆಶ್ರಮ ಶಾಲೆಯ (ಆದಿವಾಸಿ ಮಕ್ಕಳ ವಸತಿ ಶಾಲೆ) ಹುಡುಗಿಯರಿಗೆ ಪ್ಯಾಡ್ ಹಂಚಿ ಫೋಟೊ ತೆಗೆಸಬೇಕು ಅಂತಿದ್ದೇವೆ.

ಫೋಟೊ ಬೇಡ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದೆಯಾ ನೋಡಿ ಅದನ್ನು ಮಾಡಿಸಿಕೊಡಿ.

ಪ್ರಶ್ನೆ: ವಯಸ್ಸು ತುಂಬುವ ಮುಂಚೆಯೇ ಹುಡುಗ ಹುಡುಗಿ ಓಡಿಹೋಗಿ ಕೂಡಿಕೊಳ್ಳುವುದು ಹಾಡಿಯವರ ಪದ್ಧತಿ. ಬಾಲ್ಯವಿವಾಹ ಕಾಯ್ದೆ ಅಲ್ಲಿಗೆ ಬರುವುದಿಲ್ಲ ಅಲ್ವಾ?

ಬರುತ್ತದೆ. ಕರ್ನಾಟಕದ 2016ರ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಮದುವೆಗೆ ಮುಂಚೆ ಸುದ್ದಿ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹುಡುಗಿ ಆಗಲೇ ಗರ್ಭಿಣಿಯಾಗಿದ್ದರೆ, ಪೊಲೀಸ್ ಕೇಸಿನ ಭಯಕ್ಕೆ ಅವಳನ್ನು ಮನೆಯಲ್ಲೇ ಬಚ್ಚಿಡುತ್ತಾರೆ. ಕೇಸು ಆಗುತ್ತದೆ ನಿಜ, ಆಸ್ಪತ್ರೆಯವರು ತಿಳಿಸಲೇಬೇಕು. ಆದರೂ ಅವಳನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೆರಿಗೆಯವರೆಗೂ ಅವಳ ಜೊತೆ ಒಬ್ಬರು ಇರುವ ಹಾಗೆ ನೋಡಿಕೊಳ್ಳಿ.